ಸುರಂಗದ ನೀರು ತಿಳಿಯಾಗಿದೆ, ಆದ್ರೆ ಶುದ್ಧವಾ?



ನಮ್ಮ ಕಾಸರಗೋಡಿನ ಎಣ್ಮಕಜೆ, ಪೈವಳಿಕೆ, ಬಾಯಾರು ಕಡೆ ಸುರಂಗ ಅಂದ್ರೆ ನೀರು ಬರುವ ದಾರಿ. ಮುರಕಲ್ಲಿನ ಗುಡ್ಡೆಯನ್ನು ಅಡ್ಡಕ್ಕೆ ಕೊರೆದು, ಒಳಗಿನ ಒರತೆಯನ್ನು ಪಂಪು, ಕರೆಂಟು ಏನೂ ಇಲ್ಲದೆ ಅಂಗಳಕ್ಕೆ ತಂದವರು ನಮ್ಮ ಹಿರಿಯರು. ಅದರ ಬಗ್ಗೆ ಹೆಮ್ಮೆ ಇರಲಿ. ಜೊತೆಗೆ ಸ್ವಲ್ಪ ಎಚ್ಚರವೂ ಬೇಕು.

"ಗುಡ್ಡೆಯೊಳಗಿನ ನೀರಿಗೆ ಎಂತ ಆಗ್ತದೆ? ಕನ್ನಡಿ ಹಾಗೆ ಉಂಟಲ್ಲ!" ಅಂತ ಮನೆಯಲ್ಲಿ ಹೇಳ್ತಾರೆ. ಕೆಸರು ಕಣ್ಣಿಗೆ ಕಾಣ್ತದೆ, ಬ್ಯಾಕ್ಟೀರಿಯಾ ಕಾಣುವುದಿಲ್ಲ. ಟೈಫಾಯ್ಡ್, ಕಾಲರಾ, ಭೇದಿ ತರುವ ರೋಗಾಣು ಇದ್ದರೂ ನೀರು ತಿಳಿಯಾಗಿ, ತಣ್ಣಗೆ, ರುಚಿಯಾಗಿಯೇ ಇರಬಹುದು. ಪೆಟ್ಟು ಮೊದಲು ಬೀಳುವುದು ಸಣ್ಣ ಮಕ್ಕಳಿಗೆ, ವಯಸ್ಸಾದವರಿಗೆ.

ಅದು ಬರುವುದು ಎಲ್ಲಿಂದ? ಮುರಕಲ್ಲಿನಲ್ಲಿ ತೂತು, ಬಿರುಕು ಜಾಸ್ತಿ. ಮಳೆನೀರು ಸರಿಯಾಗಿ ಸೋಸುವ ಮೊದಲೇ ಕೆಳಗಿಳಿದುಬಿಡ್ತದೆ. ಮೇಲೆ ಕಕ್ಕಸು ಗುಂಡಿಯೋ ಹಟ್ಟಿಯೋ ಇದ್ದರೆ ಆ ಕೊಳೆಯೂ ಇಳಿಯಬಹುದು. ಸುರಂಗದೊಳಗೆ ಬಾವಲಿ, ಇಲಿ ಬೇರೆ. ಹೊರಗೆ ಮುಚ್ಚಳ ಇಲ್ಲದ ಟ್ಯಾಂಕಿ.

ಕುಡಿಯುವ ನೀರಿನ ಬಾವಿಯಿಂದ 7.5 ಮೀಟರ್ ಒಳಗೆ ಕಕ್ಕಸು ಗುಂಡಿ ಇರಬಾರದು ಅಂತ ಕೇರಳದ ಕಟ್ಟಡ ನಿಯಮ ಹೇಳ್ತದೆ. ಸುರಂಗಕ್ಕೆ ಅದನ್ನು ಬಾಯಿಯಿಂದ ಅಳೆದರೆ ಸಾಲದು. ಗುಡ್ಡೆಯ ಅಡಿಯಲ್ಲಿ ಅದು ಎಲ್ಲಿವರೆಗೆ ಹೋಗಿದೆ ಅಂತ ಅಜ್ಜನಿಗೆ ಗೊತ್ತು, ನಾಳೆ ಮೇಲೆ ಗುಂಡಿ ತೋಡುವವನಿಗೆ ಗೊತ್ತಿಲ್ಲ. ಹಾಗಾಗಿ ಅಜ್ಜನನ್ನು ಕೇಳಿ, ಆ ದಾರಿ ಉದ್ದಕ್ಕೂ ಗುಡ್ಡೆಯ ಮೇಲೆ ಗುರುತಿನ ಕಲ್ಲು ನೆಡಿ. ಮುರಕಲ್ಲಲ್ಲವಾ, ಗುಂಡಿ ಎಷ್ಟು ದೂರ ಇದ್ದರೆ ಅಷ್ಟು ಒಳ್ಳೆಯದು.

ಎರಡನೆಯದು ಪರೀಕ್ಷೆ. ಭಾರತದ ಕುಡಿಯುವ ನೀರಿನ ಮಾನದಂಡ ಐಎಸ್ 10500 ಪ್ರಕಾರ 100 ಮಿಲಿ ನೀರಿನಲ್ಲಿ ಒಂದೂ ಇ. ಕೋಲಿ ಇರಬಾರದು. ಇದು ಮಲದಿಂದ ಬರುವ ಬ್ಯಾಕ್ಟೀರಿಯಾ, ಕೊಳೆ ಸೇರಿದ್ದಕ್ಕೆ ಸಾಕ್ಷಿ. ಬೇಸಿಗೆಯಲ್ಲಿ ಒಮ್ಮೆ, ಮಳೆ ಶುರುವಾದ ಮೇಲೆ ಇನ್ನೊಮ್ಮೆ ಲ್ಯಾಬಿಗೆ ಕೊಡಿ. ಹೈಡ್ರೋಜನ್ ಸಲ್ಫೈಡ್ ಪರೀಕ್ಷೆಯ ಸಣ್ಣ ಬಾಟಲಿಯೂ ಸಿಗ್ತದೆ. ನೀರು ತುಂಬಿಸಿ ಒಂದೆರಡು ದಿನ ಇಟ್ಟಾಗ ಕಪ್ಪಾದರೆ ಮಲದ ಕೊಳೆ ಸೇರಿರುವ ಸೂಚನೆ. ಕಪ್ಪಾಗದಿದ್ದರೆ ಎಲ್ಲ ಸರಿ ಉಂಟು ಅಂತ ಮಾತ್ರ ಅಲ್ಲ.

ಮೂರನೆಯದು ಕುದಿಸುವುದು. ಗುಳುಗುಳು ಕುದಿ ಬಂದ ಮೇಲೆ ಒಂದು ನಿಮಿಷ ಬಿಡಿ, ಸಾಕು. ಆದರೆ ಆರಿಸಲಿಕ್ಕೆ ಅಂತ ಅದಕ್ಕೆ ತಣ್ಣೀರು ಬೆರೆಸಿದರೆ ಕುದಿಸಿದ್ದೆಲ್ಲ ದಂಡ. ಮದುವೆ ಮನೆಯಲ್ಲಿ, ಹೋಟೆಲಿನಲ್ಲಿ ಇದನ್ನು ಗಮನಿಸಿ. ಬ್ಲೀಚಿಂಗ್ ಪೌಡರನ್ನು ಸುರಂಗಕ್ಕೆ ಹಾಕಿ ಪ್ರಯೋಜನ ಇಲ್ಲ, ಹರಿದು ಹೋಗ್ತದೆ. ಆರೋಗ್ಯ ಕಾರ್ಯಕರ್ತರನ್ನು ಕೇಳಿ, ಅವರು ಹೇಳಿದ ಅಳತೆಯಲ್ಲಿ ಟ್ಯಾಂಕಿಗೆ ಹಾಕಿ, ಅರ್ಧ ಗಂಟೆ ಬಿಟ್ಟು ಬಳಸಿ.

ಸುರಂಗದ ನೀರು ಕುಡಿದು ಕಾಯಿಲೆ ಬಂತು ಅಂತಾದರೆ ಜನ ಸುರಂಗವನ್ನೇ ಬಿಟ್ಟು ಕೊಳವೆಬಾವಿ ಕೊರೆಸ್ತಾರೆ. ಹಾಗಾಗದಿರಲಿ. ಲ್ಯಾಬಿನ ವರದಿ ಬಂದಾಗ ಮನೆಯವರಿಗೆಲ್ಲ ಕನ್ನಡದಲ್ಲಿ ಓದಿ ಹೇಳಿ. ಆ ಕೆಲಸ ನಿಮ್ಮದು.