ಆಟದ ಸೆಟ್ಟಿಂಗೂ ನಮ್ಮ ಎಚ್ಚರವೂ
(ಶಾಲಾ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ವಿಡಿಯೋ ಗೇಮಿನ ವಿಷಯವನ್ನು ಇಂತಹ ಸಭೆಯಲ್ಲಿ ಎತ್ತುವುದು ಉಚಿತವೇ ಎಂದು ಹಿರಿಯರು ಶಂಕಿಸಬಹುದು. ಮಕ್ಕಳ ಕೈಗೆ ಕಂಪ್ಯೂಟರು ಬಂದ ಮೇಲೆ ಅದರ ನಡೆಯನ್ನು ತಿಳಿಸಿಕೊಡುವುದೂ ನಮ್ಮೆಲ್ಲರ ಕರ್ತವ್ಯವೆಂದು ನಾವು ಭಾವಿಸುತ್ತೇವೆ.

ಆಟವು ಎರಡು ಬಗೆಯ ಸಂಗತಿಗಳನ್ನು ಬರೆದಿಡುತ್ತದೆ. ಪರದೆಯ ಅಳತೆ, ಧ್ವನಿಯ ಮಟ್ಟ ಮೊದಲಾದುವು ಸೆಟ್ಟಿಂಗ್‌ಗಳು. ಆಡುವವರು ಎಲ್ಲಿಯವರೆಗೆ ಮುಟ್ಟಿದರೆಂಬುದು ಸೇವ್. ಇವುಗಳ ಪ್ರತಿಯನ್ನು ದೂರದ ಕಂಪ್ಯೂಟರಿನಲ್ಲಿ ಕಾಪಾಡುವ ಏರ್ಪಾಡೇ ಕ್ಲೌಡ್. ಎರಡು ಕಡೆಯ ಪ್ರತಿಗಳನ್ನು ಸರಿಹೊಂದಿಸುವುದು ಸಿಂಕ್. ವಾಲ್ವ್ ಸಂಸ್ಥೆಯ ಸ್ಟೀಮ್‌ನಲ್ಲಿ ಈ ಏರ್ಪಾಡು 2008ರಲ್ಲಿ ಬಂದಿತು. ನಮ್ಮ ಹಿರಿಯರ ರಾಗಿಯ ಹಗೇವಿನಂತೆ ಕ್ಲೌಡು ಹಾಕಿದ್ದನ್ನೇ ಹಿಂದಿರುಗಿಸುತ್ತದೆ. ಕಾಳು ಜೊಳ್ಳುಗಳನ್ನು ಆರಿಸುವುದಿಲ್ಲ.

ಹೊಸೂರಿನಲ್ಲಿ ನಾವು ಕಂಡ ಪ್ರಸಂಗವೊಂದುಂಟು. ಅಕ್ಕ ಬೆಂಗಳೂರಿನ ವಿದ್ಯಾರ್ಥಿನಿಲಯದಲ್ಲಿದ್ದು ಓದುತ್ತಿದ್ದಳು. ಅವಳ ಆಟವು ಮನೆಯ ಕಂಪ್ಯೂಟರಿನಲ್ಲಿಯೂ ಇದ್ದಿತು. ತಮ್ಮನು ಪರದೆಯ ಅಳತೆಯನ್ನು ಬದಲಿಸಿದೊಡನೆ ಆಟ ತೆರೆಯದಾಯಿತು. ಸೆಟ್ಟಿಂಗ್ ಫೈಲನ್ನು ಅಳಿಸಿದರೆ, ಕ್ಲೌಡು ಆ ಕೆಟ್ಟ ಫೈಲನ್ನೇ ಮತ್ತೆ ತಂದಿಟ್ಟಿತು. ಸಿಂಕ್ ನಿಲ್ಲಿಸಿ ಅಳಿಸಿದಾಗ ಆಟವು ಹೊಸ ಫೈಲನ್ನು ತಾನೇ ಬರೆದುಕೊಂಡು ತೆರೆಯಿತು. ಎರಡು ವಾರಗಳ ಬಳಿಕ ಸಿಂಕನ್ನು ಮರಳಿ ಆರಂಭಿಸಲು, ಈ ಕಂಪ್ಯೂಟರಿನ ಪ್ರತಿಯೋ ಕ್ಲೌಡಿನ ಪ್ರತಿಯೋ ಎಂಬ ಪ್ರಶ್ನೆ ಬಂದಿತು. ಸೆಟ್ಟಿಂಗ್ ಉಳಿಯಲೆಂದು ಅವನು ಮೊದಲನೆಯದನ್ನು ಒತ್ತಿದನು. ಅದರೊಡನೆ ಹಳೆಯ ಸೇವ್ ಕೂಡ ಏರಿ, ಅಕ್ಕ ಆ ಎರಡು ವಾರ ಆಡಿದ್ದೆಲ್ಲವೂ ಕ್ಲೌಡಿನಲ್ಲಿ ಅಳಿದುಹೋಯಿತು.

ಹುಡುಗನು ತಪ್ಪನ್ನು ಮುಚ್ಚಿಡಲಿಲ್ಲ. ಕೂಡಲೇ ಫೋನು ಮಾಡಿ, “ಅಕ್ಕಾ, ನಾನು ಕೆಡಿಸಿಬಿಟ್ಟೆ. ಇಂಟರ್ನೆಟ್ ತೆಗೆದು ಕಂಪ್ಯೂಟರು ಹಾಕು; ಸೇವ್ ಫೋಲ್ಡರನ್ನು ಮೊದಲು ಪೆನ್‌ಡ್ರೈವಿಗೆ ಹಾಕಿಕೋ” ಎಂದನು. ಅವಳ ಕಂಪ್ಯೂಟರಿನಲ್ಲಿ ಹೊಸ ಸೇವ್ ಇನ್ನೂ ಉಳಿದಿದ್ದಿತು. ಆ ಪ್ರತಿಯಿಂದಲೇ ಕಳೆದುದು ಮರಳಿ ದೊರೆಯಿತು.

ಆದ್ದರಿಂದ ಮಕ್ಕಳೇ, ಮೊದಲು ಸೇವ್‌ನ ಪ್ರತಿಯನ್ನು ಬೇರೆಡೆ ಇಡಿರಿ. ಬಳಿಕ ಸಿಂಕ್ ನಿಲ್ಲಿಸಿ, ಸೆಟ್ಟಿಂಗ್ ಫೈಲನ್ನು ಅಳಿಸದೆ ಅದರ ಹೆಸರನ್ನು ಮಾತ್ರ ಬದಲಿಸಿರಿ. ಆಟವು ಸರಿಯಾದ ಮೇಲೆ, ಕೊನೆಯದಾಗಿ ಆಡಿದುದು ಯಾವ ಕಂಪ್ಯೂಟರಿನಲ್ಲಿ ಎಂದು ವಿಚಾರಿಸಿಯೇ ಸಿಂಕ್ ಆರಂಭಿಸಿರಿ. ಪಾಠದ ಟಿಪ್ಪಣಿಗೂ ಮನೆಯ ಲೆಕ್ಕಕ್ಕೂ ಇದೇ ಎಚ್ಚರ ಸಲ್ಲುತ್ತದೆ.

ಪೋಷಕರಲ್ಲಿ ನಮ್ಮದೊಂದು ಬಿನ್ನಹ. ಆ ಹುಡುಗನು ಬೈಗುಳಕ್ಕೆ ಹೆದರಿ ಒಂದು ದಿನ ಸುಮ್ಮನಿದ್ದು, ಅಷ್ಟರಲ್ಲಿ ಅಕ್ಕ ಆಟವನ್ನು ತೆರೆದಿದ್ದರೆ ಉಳಿದ ಪ್ರತಿಯೂ ಹೋಗುತ್ತಿದ್ದಿತು. ತಪ್ಪನ್ನು ತಡಮಾಡದೆ ಹೇಳುವ ಧೈರ್ಯವನ್ನು ಮಕ್ಕಳಿಗೆ ಮನೆಯೇ ಕೊಡಬೇಕು.