ಮೊದಲು ಔಷಧಿ, ಆನಂತರ ಶಸ್ತ್ರಚಿಕಿತ್ಸೆ



ಮಂಡ್ಯ ಬಳಿಯ ಯಲಿಯೂರಿನಿಂದ ರೋಗಿಯೊಬ್ಬರು ರೈಲು ಹತ್ತಿ, 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬಂದರೆನ್ನಿ. ಕಾಯಿಲೆ ಶ್ವಾಸಕೋಶದ ಕ್ಯಾನ್ಸರ್. "ಈಗಲೇ ಆಪರೇಷನ್ ಬೇಡ, ಮೊದಲು ಔಷಧಿ ಕೊಡೋಣ" ಎನ್ನುತ್ತಾರೆ ವೈದ್ಯರು. ಇನ್ನು ಆಸೆಯಿಲ್ಲವೆಂದು ಭಾವಿಸಿ ಮನೆಯವರು ರೋಗಿಯನ್ನು ಊರಿಗೆ ಕರೆದೊಯ್ದರೆ ಏನಾದೀತು? ಗುಣವಾಗುವ ಅವಕಾಶವೇ ಕೈತಪ್ಪಬಹುದು.

ಕಬ್ಬಿನ ಗದ್ದೆಗೆ ಹಬ್ಬಿದ ಗರಿಕೆಯನ್ನು ನೆನೆಯಿರಿ. ಮೇಲೆ ಕಂಡದ್ದನ್ನು ಕಿತ್ತರೂ ಮಣ್ಣಿನಲ್ಲಿ ಉಳಿದ ಬೇರಿನ ತುಂಡು ಮತ್ತೆ ಚಿಗುರುತ್ತದೆ. ಕ್ಯಾನ್ಸರ್ ಕೂಡ ಹಾಗೆಯೇ. 1933ರಲ್ಲಿ ಅಮೆರಿಕದ ಡಾ. ಇವಾರ್ಟ್ಸ್ ಗ್ರಹಾಂ ರೋಗಿಯೊಬ್ಬರ ಒಂದು ಶ್ವಾಸಕೋಶವನ್ನು ಪೂರ್ತಿಯಾಗಿ ತೆಗೆದರು. ಆ ರೋಗಿ ಸುಮಾರು 30 ವರ್ಷ ಬದುಕಿದರು. ಆದರೆ ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ. ಗಡ್ಡೆ ತೆಗೆದ ಮೇಲೂ ರಕ್ತದಲ್ಲಿ ಸೇರಿಹೋದ ಜೀವಕೋಶಗಳು ಬೇರೆಡೆ ಬೆಳೆಯುತ್ತಿದ್ದವು.

ಕೀಮೋಥೆರಪಿ ಔಷಧಿ ರಕ್ತದೊಡನೆ ಇಡೀ ದೇಹವನ್ನು ಸುತ್ತಿ, ಕಣ್ಣಿಗೆ ಕಾಣದ ಇಂಥ ಜೀವಕೋಶಗಳನ್ನು ಕೊಲ್ಲುತ್ತದೆ. ಗಡ್ಡೆಯೂ ಕುಗ್ಗಿದರೆ ಕತ್ತರಿಸಿ ತೆಗೆಯುವುದು ಸುಲಭ. 1994ರಲ್ಲಿ ಸ್ಪೇನ್ ಮತ್ತು ಅಮೆರಿಕದಲ್ಲಿ, ಎದೆಯ ನಡುವಿನ ದುಗ್ಧಗ್ರಂಥಿಗಳಿಗೂ ರೋಗ ಹರಡುವ ಮೂರನೆಯ ಹಂತದ ಬಗ್ಗೆ ಎರಡು ಅಧ್ಯಯನಗಳು ಪ್ರಕಟವಾದವು. ಒಂದೊಂದರಲ್ಲೂ ಇದ್ದವರು 60 ಮಂದಿ. ಎರಡರಲ್ಲೂ ಮೊದಲು ಔಷಧಿ ಪಡೆದವರೇ ಹೆಚ್ಚು ಕಾಲ ಬದುಕಿದರು. ದೇಹದ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ನಿವೊಲುಮ್ಯಾಬ್ ಎಂಬ ಔಷಧಿಯನ್ನು ಶಸ್ತ್ರಚಿಕಿತ್ಸೆಗೆ ಮುನ್ನ ಕೀಮೋ ಜೊತೆ ಕೊಡಲು 2022ರಲ್ಲಿ ಅಮೆರಿಕ ಒಪ್ಪಿಗೆ ನೀಡಿತು.

ಔಷಧಿಯನ್ನು ಸಾಮಾನ್ಯವಾಗಿ ಮೂರು ವಾರಗಳಿಗೊಮ್ಮೆ ಕೊಡುತ್ತಾರೆ. ಆರೋಗ್ಯವಂತ ಜೀವಕೋಶಗಳಿಗೂ ಪೆಟ್ಟು ಬೀಳುವುದರಿಂದ ವಾಂತಿ, ಕೂದಲು ಉದುರುವಿಕೆ, ಬಿಳಿ ರಕ್ತಕಣಗಳ ಇಳಿಕೆ ಉಂಟಾಗಬಹುದು. ಚೇತರಿಸಿಕೊಳ್ಳಲು ಆ ಬಿಡುವು ಬೇಕು. ಬಳಿಕ ಸ್ಕ್ಯಾನ್ ಮಾಡಿ, ಉಳಿಯುವ ಶ್ವಾಸಕೋಶದ ಶಕ್ತಿಯನ್ನು ಅಳೆದು, ಶಸ್ತ್ರಚಿಕಿತ್ಸೆಯ ನಿರ್ಧಾರ ಮಾಡುತ್ತಾರೆ.

ಈ ಕ್ರಮ ಎಲ್ಲರಿಗೂ ಹೊಂದದು. ಮಿದುಳು, ಮೂಳೆ, ಯಕೃತ್ತಿಗೆ ಹರಡಿದ ನಾಲ್ಕನೆಯ ಹಂತದಲ್ಲಿ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಮಾಡುವುದಿಲ್ಲ. ಅಲ್ಲಿ ಔಷಧಿಯೇ ಆಧಾರ. ನಮ್ಮಲ್ಲಿ ಈ ರೋಗವನ್ನು ಕ್ಷಯವೆಂದು ತಿಳಿದು ತಿಂಗಳುಗಟ್ಟಲೆ ಕಳೆಯುವುದೂ ಉಂಟು.

ಮನೆಯಲ್ಲಿ ಬೀಡಿ ಸೇದುವ ಹಿರಿಯರಿದ್ದಾರೆಯೇ? ಬಿಡುವಂತೆ ಒತ್ತಾಯಿಸಿ. ಬೀಡಿ ಮುಟ್ಟದವರಿಗೂ ಈ ರೋಗ ಬರಬಹುದು. ಆದ್ದರಿಂದ ಯಾರಿಗೇ ಆಗಲಿ, ಕೆಮ್ಮು ಮೂರು ವಾರ ಬಿಡದಿದ್ದರೆ, ಕಫದಲ್ಲಿ ರಕ್ತ ಕಂಡರೆ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. "ಮೊದಲು ಔಷಧಿ" ಎಂದು ವೈದ್ಯರು ಹೇಳಿದರೆ, ಅದು ಚಿಕಿತ್ಸೆಯ ಮೊದಲ ಹೆಜ್ಜೆಯೆಂದು ಮನೆಯವರಿಗೆ ತಿಳಿಸಿ ಹೇಳಿ.