ಮರಳೊಳಗಿನ ಜೀವಕ್ಕೊಂದು ಹೆಸರು

(ಹುಲೇಕಲ್‌ನಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಳೆಗಾಲದ ರಾತ್ರಿ ಎಳೆಯ ಸಸಿಗಳನ್ನು ಕೆರೆದು ತಿನ್ನುವ ಸಿಂಬಳದ ಹುಳುವನ್ನು ನೀವೆಲ್ಲ ಬಲ್ಲಿರಿ. ಅದು ಬಸವನಹುಳುವಿನ ಬಳಗಕ್ಕೇ ಸೇರಿದ್ದು. ಹೊರಚಿಪ್ಪು ಮಾತ್ರ ಇಲ್ಲ. ಇದರ ದೂರದ ಬಂಧುಗಳು ಕಡಲಿನಲ್ಲಿವೆ. ಕೆಲವು ಮರಳಿನೊಳಗೇ ಬಾಳುತ್ತವೆ.

2024ರ ಆರಂಭದಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯು ಅಂಥ ಒಂದು ಹೊಸ ಪ್ರಭೇದವನ್ನು ಪ್ರಕಟಿಸಿತು. ಪಶ್ಚಿಮ ಬಂಗಾಳದ ದಿಘಾ ಮತ್ತು ಒಡಿಶಾದ ಉದಯಪುರ ತೀರಗಳಲ್ಲಿ ದೊರೆತ ಇದಕ್ಕೆ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರ ಗೌರವಾರ್ಥ ‘ಮೆಲನೊಕ್ಲಾಮಿಸ್ ದ್ರೌಪದಿ’ ಎಂದು ಹೆಸರಿಡಲಾಯಿತು. ಉದ್ದ ಹೆಚ್ಚೆಂದರೆ 7 ಮಿಲಿಮೀಟರ್. ಕಂದುಗಪ್ಪು ಮೈ, ಹಿಂಬದಿಯಲ್ಲಿ ಮಾಣಿಕ್ಯದಂಥ ಕೆಂಪು ಚುಕ್ಕೆ. ಮರಳಿನಡಿ ಸಾಗುವಾಗ ಪಾರದರ್ಶಕ ಲೋಳೆಯ ಪೊರೆಯನ್ನು ಸ್ರವಿಸಿ, ಮರಳಕಣಗಳು ಒಳಹೊಗದಂತೆ ಮೈಯನ್ನು ಕಾಯ್ದುಕೊಳ್ಳುತ್ತದೆ. ದಾರಿಯುದ್ದಕ್ಕೂ ಗೆರೆಯೊಂದು ಮೂಡುತ್ತದೆ.

ಆ ಕೆಂಪು ಚುಕ್ಕೆಯೊಂದನ್ನೇ ನೋಡಿ ಹೆಸರಿಟ್ಟರೆಂದು ಭಾವಿಸಬೇಡಿ. ಅದೇ ತೀರಗಳಲ್ಲಿ ‘ಮೆಲನೊಕ್ಲಾಮಿಸ್ ಬೆಂಗಾಲೆನ್ಸಿಸ್’ ಎಂಬ ನಿಕಟ ಸಂಬಂಧಿಯೂ ಇದೆ. ಒಂದೇ ಪ್ರಭೇದದೊಳಗೆ ಬಣ್ಣ ಬದಲಾಗಬಹುದು. ಬೇರೆ ಪ್ರಭೇದಗಳು ಒಂದೇ ತೆರನಾಗಿ ಕಾಣಬಹುದು. ಆದ್ದರಿಂದ ಹೊರರೂಪದ ಜೊತೆಗೆ ಒಳ ಅಂಗರಚನೆಯನ್ನೂ ಡಿಎನ್‌ಎಯನ್ನೂ ಹೋಲಿಸಿ ನೋಡಬೇಕಾಗುತ್ತದೆ. ಈ ಬಳಗದಲ್ಲಿ ಚಿಪ್ಪು ಕುಗ್ಗಿ ಮೈಯೊಳಗೆ ಅಡಗಿರುವುದರಿಂದ ಅದರ ಆಕಾರವೂ ಸಾಕ್ಷಿಯಾಗುತ್ತದೆ.

ನಮ್ಮ ಜಿಲ್ಲೆಯಲ್ಲಿಯೂ ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತ ಮುಳುಗುಗಾರರು ನೀರಿಗಿಳಿಯುತ್ತಾರೆ. ಅವರಲ್ಲೊಬ್ಬರಿಗೆ ಇಂಥ ಜೀವಿ ಕಂಡರೆ ಚಿತ್ರವೊಂದೇ ಸಾಲದು. ದಿನಾಂಕ, ನೀರಿನ ಆಳ, ಮರಳು ನುಣುಪೋ ಒರಟೋ, ಜೀವಿ ಮೇಲಿತ್ತೋ ಹೂತಿತ್ತೋ ಎಂಬುದನ್ನೂ ಬರೆದಿಡಬೇಕು. ಜೀವಂತವಾಗಿದ್ದಾಗಿನ ಬಣ್ಣವನ್ನು ಚಿತ್ರ ಉಳಿಸುತ್ತದೆ. ಮದ್ಯಸಾರದಲ್ಲಿಟ್ಟ ಮಾದರಿಯಲ್ಲಿ ಅದು ಮಾಸಿಹೋಗುತ್ತದೆ. ಮುಟ್ಟದೆ ನೋಡುವುದು ಸಾಮಾನ್ಯರ ಕರ್ತವ್ಯ. ಮಾದರಿ ಸಂಗ್ರಹಿಸುವುದು ಅನುಮತಿ ಪಡೆದ ತಜ್ಞರ ಕೆಲಸ.

ಘಟ್ಟದ ಮೇಲಿನವರಿಗೆ ಇದರ ಗೊಡವೆಯೇಕೆ ಎಂದು ಕೇಳಬಹುದು. ಶಿರಸಿಯ ಬಳಿ ಹುಟ್ಟುವ ಅಘನಾಶಿನಿ ಕುಮಟಾ ತಾಲ್ಲೂಕಿನಲ್ಲಿ ಕಡಲು ಸೇರುತ್ತದೆ. ಗುಡ್ಡ ಬೋಳಾದರೆ ಕೊಚ್ಚಿಹೋಗುವ ಮಣ್ಣು ಅಳಿವೆಯ ಮರಳನ್ನು ಮುಚ್ಚುತ್ತದೆ. ಮರಳನ್ನೇ ಎತ್ತಿ ಒಯ್ದರೆ ಅದರೊಳಗಿನ ಜೀವಿಗಳೂ ಹೋಗುತ್ತವೆ. ಹೆಸರಿಲ್ಲದ ಜೀವಿ ಯಾವ ಪರಿಸರ ವರದಿಯ ಪಟ್ಟಿಯಲ್ಲಿಯೂ ಸೇರುವುದಿಲ್ಲ. ಅದರ ಅಳಿವು ನಷ್ಟವೆಂದು ಎಣಿಕೆಗೂ ಬರುವುದಿಲ್ಲ. ಕಾಗದದಲ್ಲಿ ಅದು ಬರಿಯ ಮರಳು.

ವಿದ್ಯಾರ್ಥಿಗಳೇ, ನಿಮ್ಮ ಹಳ್ಳದ ದಂಡೆಯಿಂದಲೇ ಆರಂಭಿಸಿರಿ. ಕಂಡದ್ದನ್ನು ದಿನಾಂಕ ಹಾಗೂ ಸ್ಥಳದೊಂದಿಗೆ ಬರೆದಿಡಿರಿ. ನಾಳೆ ಆ ಜಾಗದ ಪರವಾಗಿ ಮಾತನಾಡಬೇಕಾದಾಗ ಆ ಪುಟಗಳು ನೆರವಿಗೆ ಬರುತ್ತವೆ.